ಅಜ್ಜಯ್ಯನ ಏಳನೇ ಫಾರಂ, ನೆಬ್ರಾಸ್ಕಾದ ನಾನೂರು ಪೀಚ್ ಗಿಡ

ನಾನಿರುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ನಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆ ಬಿಟ್ಟು ಬಂದು ಹತ್ತು ವರ್ಷ ದಾಟಿತು. ಇಲ್ಲಿಂದ ತೆಂಕಲಿಗೆ ಒಂದು ಗಂಟೆ ದಾರಿಯೊಳಗೆ ಬಿಯಾಟ್ರಿಸ್ ಎಂಬ ಸಣ್ಣ ಊರಿದೆ. ಊರಾಚೆಯ ಹುಲ್ಲುಗಾವಲಿನಲ್ಲಿ ಒಂದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆಯ ಕತೆಯನ್ನು ಅಲ್ಲಿ ಹೇಳುತ್ತಾರೆ. ಆ ಕಾಯಿದೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಅದೇ ದಿನ ಮೊದಲ ಅರ್ಜಿ ಹಾಕಿದವರ ಸಾಲಿನಲ್ಲಿ ಡೇನಿಯಲ್ ಫ್ರೀಮನ್ ಎಂಬ ಮನುಷ್ಯ ಇದ್ದ. ಉದ್ಯಾನ ಇರುವುದು ಅವನ ಜಮೀನಿನಲ್ಲೇ.

ನನಗೆ ಹಿಡಿಸಿದ್ದು ಜಮೀನಿಗಿಂತ ಜಾಸ್ತಿ ಅವನ ಫೈಲು.

ಕಾಯಿದೆ ಸರಳವಾಗಿತ್ತು. 160 ಎಕರೆ ಸರ್ಕಾರಿ ನೆಲ ಕೊಡುತ್ತೇವೆ, ಅಲ್ಲಿ ಮನೆ ಕಟ್ಟಿ ಐದು ವರ್ಷ ಇದ್ದು ಉಳುಮೆ ಮಾಡಿ, ಆಮೇಲೆ ಪಟ್ಟಾ ನಿಮ್ಮದು. ಅರ್ಜಿಯಿಂದ ಪಟ್ಟಾವರೆಗೆ ಒಟ್ಟು ಶುಲ್ಕ 18 ಡಾಲರ್. ಆದರೆ ಐದು ವರ್ಷ ಇದ್ದೆ ಅಂತ ತಾನೇ ಹೇಳಿಕೊಂಡರೆ ಸಾಲದು. ಇಬ್ಬರು ಸಾಕ್ಷಿಗಳು ಬಂದು ಪ್ರಮಾಣ ಮಾಡಿ ಹೇಳಬೇಕಿತ್ತು. 1868ರಲ್ಲಿ ಫ್ರೀಮನ್ ಪರವಾಗಿ ಇಬ್ಬರು ಹೇಳಿದ್ದು ಕಾಗದದಲ್ಲಿ ಹಾಗೇ ಇದೆ. ಮನೆ 14 ಅಡಿಗೆ 20 ಅಡಿ, ಒಂದಷ್ಟು ಭಾಗ ದಿಮ್ಮಿಯದು, ಒಂದಷ್ಟು ಹಲಗೆಯದು. ಎರಡು ಬಾಗಿಲು, ಎರಡು ಕಿಟಕಿ. ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ. ನೂರಡಿ ಉದ್ದದ ಕುರಿ ಕೊಟ್ಟಿಗೆ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

ನಾನೂರು ಪೀಚ್ ಗಿಡ! ಇಲ್ಲಿಯ ಚಳಿಗಾಲ ನೋಡಿದವನಿಗೆ ಗೊತ್ತು, ಎಂಥ ನಂಬಿಕೆ ಇದ್ದವನು ಈ ಬಯಲಲ್ಲಿ ಪೀಚ್ ನೆಡುತ್ತಾನೆ ಅಂತ. ಒಂದು ಸರ್ಕಾರಿ ಕಾಗದ ಓದಿ ನನಗೆ ಆ ಮನುಷ್ಯನ ಅಂಗಳವೇ ಕಂಡಿತು. ನಮ್ಮ ಪಹಣಿಯಲ್ಲೂ ಮರಗಳಿಗೆ ಒಂದು ಕಾಲಂ ಇದೆ, ಅಲ್ವಾ? ನಮ್ಮ ಮನೆಯ ಪಹಣಿಯಲ್ಲಿ ಅದು ಯಾವತ್ತೂ ಖಾಲಿ. ಮನೆ ಹಿಂದಿನ ಅಪ್ಪೆ ಮಾವು, ಕೆರೆ ಏರಿಯ ಎರಡು ಹಲಸು, ಯಾವುದೂ ಅದರಲ್ಲಿ ಇಲ್ಲ.

ಹೀಗೆ ಸುಮಾರು 40 ಲಕ್ಷ ಅರ್ಜಿಗಳು ಬಂದವಂತೆ. 16 ಲಕ್ಷದಷ್ಟು ಮಂದಿಗೆ ಪಟ್ಟಾ ಸಿಕ್ಕಿತು. ಅವರ ಕೈಗೆ ಹೋದ ನೆಲ 27 ಕೋಟಿ ಎಕರೆ. ಉಳಿದವರು ಬರಗಾಲಕ್ಕೋ ಮಿಡತೆ ಕಾಟಕ್ಕೋ ಸೋತು ನಡುವೆ ಬಿಟ್ಟು ಹೋದರು. ಆದರೂ ಅಂಥವರ ಫೈಲನ್ನೂ ಇಲ್ಲಿ ಎಸೆದಿಲ್ಲ. ರಾಜಧಾನಿ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಟ್ಟಿದ್ದಾರೆ. ಒಬ್ಬ ರೈತ ಜರ್ಮನಿಯಿಂದಲೋ ಸ್ವೀಡನ್‌ನಿಂದಲೋ ಬಂದವನಾದರೆ ಅವನ ಪೌರತ್ವದ ಕಾಗದವೂ ಅದೇ ಫೈಲಿನಲ್ಲಿ ಸಿಗುತ್ತದೆ. ಗಂಡ ತೀರಿಕೊಂಡ ಮೇಲೆ ಹೆಂಡತಿ ಉಳಿದ ವರ್ಷಗಳನ್ನು ಪೂರೈಸಿ ಪಟ್ಟಾ ಪಡೆದ ಫೈಲುಗಳಿವೆ. ಮದುವೆಯಾಗದ ಹೆಣ್ಣುಮಗಳು 21 ತುಂಬಿದ್ದರೆ ತನ್ನ ಹೆಸರಲ್ಲೇ ಅರ್ಜಿ ಹಾಕಬಹುದಿತ್ತು. 1862ರಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿಯವರು ತಮ್ಮ ಮನೆತನ ಹುಡುಕಲು ಈ ಫೈಲುಗಳಿಗೆ ಮುಗಿಬೀಳುವುದಕ್ಕೆ ಇನ್ನೊಂದು ಕಾರಣವಿದೆ. 1890ರ ಜನಗಣತಿಯ ಹಾಳೆಗಳು 1921ರ ಜನವರಿಯಲ್ಲಿ ಬೆಂಕಿಗೆ ಸಿಕ್ಕಿ ಬಹುಪಾಲು ಹಾಳಾದವು. ಪಶ್ಚಿಮಕ್ಕೆ ವಲಸೆ ಜೋರಾಗಿದ್ದ ಕಾಲದ ಲೆಕ್ಕವೇ ಹೋಯಿತು. ಆ ಸಮಯದಲ್ಲಿ ಮುತ್ತಾತ ಎಲ್ಲಿದ್ದ, ಮಕ್ಕಳೆಷ್ಟು, ಎಷ್ಟು ಎಕರೆ ಜೋಳ ಹಾಕಿದ್ದ ಅಂತ ತಿಳಿಯಲು ಈಗ ಎಷ್ಟೋ ಮನೆಗಳಿಗೆ ಜಮೀನಿನ ಫೈಲೇ ದಾರಿ. ಜೊತೆಗೆ ಮನೆಯ ಬೈಬಲ್ಲು. ಅದರ ನಡುವಿನ ಖಾಲಿ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ರೂಢಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೈನಿಕರ ವಿಧವೆಯರು ಪಿಂಚಣಿ ಕೇಳುವಾಗ ಆ ಹಾಳೆಯನ್ನೇ ಬೈಬಲ್ಲಿನಿಂದ ಕಿತ್ತು ಸರ್ಕಾರಕ್ಕೆ ಕಳಿಸಿದ್ದೂ ಉಂಟು. ಮದುವೆಯಾದದ್ದಕ್ಕೆ ಬೇರೆ ಸಾಕ್ಷಿ ಇರಲಿಲ್ಲ, ಪಾಪ. ನಮ್ಮ ಕಡೆ ಹಳೇ ಮನೆಗಳ ಅಟ್ಟದಲ್ಲಿ ಕಡತ ಇರುತ್ತಿತ್ತಲ್ಲ, ಹುಣಸೆಬೀಜದ ಸರಿಗೆ ಮಸಿ ಕಲಸಿ ಬಟ್ಟೆಗೆ ಬಳಿದು ಬಳಪದಲ್ಲಿ ಬರೆಯುತ್ತಿದ್ದದ್ದು, ಅದು ನೆನಪಾಯಿತು.

ಇಷ್ಟೆಲ್ಲ ಮೆಚ್ಚಿ ಬರೆಯುವಾಗ ಒಂದು ಮಾತು ಹೇಳದೆ ಇರಲಾರೆ. ಈ ಫೈಲುಗಳೆಲ್ಲ ನೆಲ ಖಾಲಿ ಇತ್ತು ಎಂಬಂತೆ ಶುರುವಾಗುತ್ತವೆ. ಫ್ರೀಮನ್ ಜಮೀನಿನ ಗುರುತು ಸೆಕ್ಷನ್ 26, ಟೌನ್‌ಶಿಪ್ 4 ಉತ್ತರ, ರೇಂಜ್ 5 ಪೂರ್ವ. ಬರೀ ಗೆರೆ ಮತ್ತು ಅಂಕಿ. 1785ರ ಕಾನೂನಿನ ಪ್ರಕಾರ ಆರು ಮೈಲಿ ಚೌಕದ ಟೌನ್‌ಶಿಪ್ ಮಾಡಿ, ಅದನ್ನು 36 ತುಂಡು ಹಾಕುವ ಲೆಕ್ಕ ಅದು. ನಮ್ಮ ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ ಅಂತ ಬರೆಯುತ್ತೇವೆ. ಸುತ್ತ ಯಾರಿದ್ದಾರೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಆ ಚೌಕದ ಲೆಕ್ಕದಲ್ಲಿ ಅಕ್ಕಪಕ್ಕದವರಿಗೆ ಜಾಗವಿಲ್ಲ. ಮೊದಲಿದ್ದವರಿಗಂತೂ ಇಲ್ಲವೇ ಇಲ್ಲ. ಈ ಸೀಮೆ ಓಟೋ ಮತ್ತು ಮಿಸೂರಿಯಾ ಎಂಬ ಮೂಲನಿವಾಸಿ ಜನರದ್ದು. 1854ರ ಒಪ್ಪಂದದಲ್ಲಿ ಹೆಚ್ಚಿನ ನೆಲ ಬಿಟ್ಟುಕೊಟ್ಟು ಬಿಗ್ ಬ್ಲೂ ನದಿಯ ದಡದ ಒಂದು ತುಂಡಿಗೆ ಸರಿದರು. 1880ರ ದಶಕದ ಹೊತ್ತಿಗೆ ಅದೂ ಹೋಗಿ ಈಗಿನ ಒಕ್ಲಹೋಮಕ್ಕೆ ನಡೆದರು. 1887ರಲ್ಲಿ ಡಾಸ್ ಕಾಯಿದೆ ಬಂದು, ಮೂಲನಿವಾಸಿಗಳು ಒಟ್ಟಾಗಿ ಇಟ್ಟುಕೊಂಡಿದ್ದ ನೆಲವನ್ನೂ ತಲೆಗಿಷ್ಟು ಅಂತ ಹಂಚಿ, ಮಿಕ್ಕಿದ್ದನ್ನು ಹೊರಗಿನವರಿಗೆ ಕೊಟ್ಟಿತು. ಅವರ ಕೈಲಿದ್ದ ಸುಮಾರು 13.8 ಕೋಟಿ ಎಕರೆ 1934ರ ಹೊತ್ತಿಗೆ 4.8 ಕೋಟಿಗೆ ಇಳಿದಿತ್ತು. ಪೀಚ್ ಗಿಡ ಎಣಿಸಿದ ಅದೇ ಕಚೇರಿಗಳ ಲೇಖನಿ ಇವರನ್ನು ಎಣಿಸಲಿಲ್ಲ. ಓದುವಾಗ ನನಗೆ ಅದು ಚುಚ್ಚುತ್ತದೆ.

ಇಲ್ಲಿ ನನಗೆ ನಮ್ಮೂರು ದೊಡ್ಡದಾಗಿ ಕಾಣಿಸಿತು. ನಮ್ಮಲ್ಲೂ ಸಾಕ್ಷಿ ಕೇಳಿ ನೆಲ ಕೊಟ್ಟ ಕಾಲವೊಂದು ಇತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ ತಾಲೂಕು ನಮ್ಮದು. ಭತ್ತ ಅಳೆಯುವ ಕೊಳಗದಲ್ಲಿ ಮೋಸವಾಗುತ್ತಿದೆ ಅಂತ ಶುರುವಾದ ಸಿಟ್ಟು ಅದು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂ ಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಆದ. ಗೇಣಿದಾರರು ಏಳನೇ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ಮೊದಮೊದಲು ಅಲ್ಲಿಗೆ ವಕೀಲರನ್ನೂ ಬಿಡುತ್ತಿರಲಿಲ್ಲ. ಗೇಣಿ ರಸೀದಿ ಇಲ್ಲದವರೇ ಜಾಸ್ತಿ. ಹಾಗಾಗಿ ಪಹಣಿಯ ಸಾಗುವಳಿ ಕಾಲಂ ನೋಡುತ್ತಿದ್ದರು, ಅಕ್ಕಪಕ್ಕದವರ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಉತ್ತವನು ಯಾರು ಅಂತ ಕೇಳಲು ಪಹಣಿಯಲ್ಲೇ ಒಂದು ಕಾಲಂ ಇಟ್ಟ ವ್ಯವಸ್ಥೆ ನಮ್ಮದು. ಅಮೆರಿಕದ ಕೌಂಟಿ ಕಚೇರಿಯ ಪತ್ರಗಳಲ್ಲಿ ಮಾರಿದವನು ಮತ್ತು ಕೊಂಡವನು ಸಿಗುತ್ತಾರೆ. ಉತ್ತವನನ್ನು ಅಲ್ಲಿ ಹುಡುಕಬೇಡಿ. ನಮ್ಮ ನ್ಯಾಯಮಂಡಳಿಯ ಫೈಲು ಇಲ್ಲಿಯ ಹೋಮ್‌ಸ್ಟೆಡ್ ಫೈಲಿಗಿಂತ ಒಂದು ಕೈ ಮೇಲು ಅಂತಲೇ ನನ್ನ ಅನಿಸಿಕೆ.

ಆದರೆ ನಾವು ಅದನ್ನು ನೋಡಿಕೊಂಡ ರೀತಿ? 1788ರಿಂದ ಇತ್ತೀಚಿನವರೆಗೆ ಇಲ್ಲಿಯ ಕೇಂದ್ರ ಸರ್ಕಾರ ಕೊಟ್ಟ ಲಕ್ಷಾಂತರ ಪಟ್ಟಾಗಳ ಪ್ರತಿಯನ್ನು ನಾನು ಅಡುಗೆಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ತೆಗೆಯಬಹುದು, ದುಡ್ಡಿಲ್ಲದೆ. ನನ್ನ ಅಜ್ಜಯ್ಯನ ಫೈಲು ಹುಡುಕಲು ಅಪ್ಪಯ್ಯ ಒಂದು ಕಚೇರಿಗೆ ನಾಲ್ಕು ಸಲ ಅಲೆದ. ಸಿಕ್ಕಿದ್ದು ಗೆದ್ದಲು ತಿಂದ ಒಂಬತ್ತು ಹಾಳೆ. ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಹಾಕಿ ದೊಡ್ಡ ಕೆಲಸ ಮಾಡಿತು, ನಿಜ. ಈಗ ಭೂ ಸುರಕ್ಷಾ ಅಂತ ತಾಲೂಕು ಕಚೇರಿಯ ಹಳೇ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ದಯವಿಟ್ಟು ಏಳನೇ ಫಾರಂ ಮಾತ್ರ ಸ್ಕ್ಯಾನ್ ಮಾಡಿ ನಿಲ್ಲಿಸಬೇಡಿ. ಹಿಂದೆ ಪಿನ್ನು ಹಾಕಿರುವ ಹೇಳಿಕೆಗಳನ್ನು ಬಿಡಬೇಡಿ. ಮಾಲೀಕನ ಹೆಸರು ಎಲ್ಲಿ ಬೇಕಾದರೂ ಸಿಗುತ್ತದೆ, ನೆರೆಯವನ ಮಾತು ಅಲ್ಲಿ ಮಾತ್ರ ಇದೆ.

ಆ ಒಂಬತ್ತು ಹಾಳೆಗಳ ಫೋಟೋವನ್ನು ಅಪ್ಪಯ್ಯ ವಾಟ್ಸಾಪಿನಲ್ಲಿ ಕಳಿಸಿದ್ದ. ಆರನೆಯದು ಪಕ್ಕದ ಗದ್ದೆಯವರ ಹೇಳಿಕೆ, ಕೆಳಗೆ ಹೆಬ್ಬೆಟ್ಟು. ಅಕ್ಷರ ಅಳಿಸಿತ್ತು. ಫೋನಿನಲ್ಲಿ ಅಪ್ಪಯ್ಯ ಕನ್ನಡಕ ಹಾಕಿಕೊಂಡು ನಿಧಾನ ಓದಿ ಹೇಳಿದ: "ಸದರಿ ಗದ್ದೆಯನ್ನು ಇವರು ಮತ್ತು ಇವರ ಹೆಂಡತಿ ಸಾಗುವಳಿ ಮಾಡುವುದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿರುತ್ತೇನೆ. ಇವರ ಗದ್ದೆಯ ನೀರು ನನ್ನ ಗದ್ದೆಗೆ ಇಳಿಯುತ್ತದೆ."

ಅಜ್ಜಿಯ ಹೆಸರು ಯಾವ ಪಹಣಿಯಲ್ಲೂ ಇಲ್ಲ. "ಇನ್ನೊಂದ್ಸಲ ಓದು ಅಪ್ಪಯ್ಯ" ಅಂದೆ. ಅವನು ಇನ್ನೊಂದು ಸಲ ಓದಿದ.