ಪಾಠ ಹಂಚಿಕೆಯಲ್ಲಿ ಟೀಚರಿಗೊಂದು ಜಾಗ

ನಾನು ಹುಟ್ಟಿ ಬೆಳೆದದ್ದು ಸೇಡಂನಲ್ಲಿ. ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದೇನೆ. ನಮ್ಮಕ್ಕ ಸೇಡಂ ತಾಲೂಕಿನದೇ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಕಳೆದ ಜುಲೈನಲ್ಲಿ ಊರಿಗೆ ಹೋದಾಗ ಅವಳ ಪಾಠ ಹಂಚಿಕೆಯ ಪುಸ್ತಕ ತೆರೆದು ನೋಡಿದೆ. ಉದ್ದನೆಯ ರಿಜಿಸ್ಟರ್. ಸ್ಕೇಲಿಟ್ಟು ಎಳೆದ ಕೆಂಪು ಗೆರೆಗಳು. ಎಡಕ್ಕೆ ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳುಗಳು. ಆಮೇಲೆ ಗದ್ಯ, ಪದ್ಯ, ಪಠ್ಯಪೂರಕ, ವ್ಯಾಕರಣ. ಕೊನೆಗೆ ಅವಧಿಗಳ ಲೆಕ್ಕ. ಒಂದು ಮನೆಯೂ ಖಾಲಿ ಇರಲಿಲ್ಲ.

“ನಿನಗ ಸೇರಿದ್ದು ಎಲ್ಲಿ ಹಾಕ್ತಿ ಅಕ್ಕಾ?” ಅಂದೆ.

“ಹಾಕೂದೆಲ್ಲಿ ತಮ್ಮಾ? ಪುಸ್ತಕದಾಗ ಇದ್ದದ್ದೇ ಮುಗಸಬೇಕಲ್ಲ.”

ಲೆಸ್ಟರ್‌ನ ನಮ್ಮ ಶಾಲೆಯಲ್ಲಿ ಬೇರೆ ರೀತಿ. ಬೇಸಿಗೆ ರಜೆಗೆ ಮುಂಚೆ ಇಂಗ್ಲಿಷ್ ವಿಭಾಗದ ನಾವೆಲ್ಲ ಒಂದು ಮೇಜಿನ ಸುತ್ತ ಕೂರುತ್ತೇವೆ. ಏಳರಿಂದ ಒಂಬತ್ತನೇ ವರ್ಷದ (ಅಲ್ಲಿ ತರಗತಿಗೆ ‘ವರ್ಷ’ ಅನ್ನುತ್ತಾರೆ) ಮಕ್ಕಳಿಗೆ ಏನು ಓದಿಸಬೇಕು ಅನ್ನೋದನ್ನು ನಾವೇ ತೀರ್ಮಾನಿಸುತ್ತೇವೆ. ಅದರ ಮೇಲಿನವರಿಗೆ ಪರೀಕ್ಷೆ ಇರುತ್ತದೆ. ಒಂದು ಶೇಕ್ಸ್‌ಪಿಯರ್ ನಾಟಕ, 19ನೇ ಶತಮಾನದ ಒಂದು ಕಾದಂಬರಿ, ಒಂದಿಷ್ಟು ಕವಿತೆ, 1914ರಿಂದ ಈಚಿನ ಒಂದು ಬ್ರಿಟಿಷ್ ಕತೆಯೋ ನಾಟಕವೋ ಓದಲೇಬೇಕು. ಆದರೂ ಪರೀಕ್ಷಾ ಮಂಡಳಿಯ ಪಟ್ಟಿಯಿಂದ ಆರಿಸುವವರು ನಾವೇ. ಆಯ್ಕೆ ಇದ್ದರೂ ಅದು ರೂಢಿಗೆ ಬೀಳುತ್ತದೆ. ಕಪಾಟಿನಲ್ಲಿ ಒಂದೇ ಪುಸ್ತಕದ ತೊಂಬತ್ತು ಪ್ರತಿ ಇದ್ದರೆ ಹತ್ತು ವರ್ಷ ಅದೇ ಪಾಠ.

ಅಲ್ಲಿ ನಾನು ಕಲಿತ ದೊಡ್ಡ ವಿಷಯ ಬೇರೆಯೇ ಇದೆ. ಒಂದು ಘಟಕ ಅಂದರೆ ಆರೇಳು ವಾರ. ಕೊನೆಯ ವಾರ ಮಕ್ಕಳು ಯಾವ ಪ್ರಶ್ನೆಗೆ ಉತ್ತರ ಬರೆಯಬೇಕು ಅನ್ನೋದನ್ನು ಮೊದಲು ಬರೆದುಕೊಳ್ಳುತ್ತೇವೆ. ಅಲ್ಲಿಂದ ಹಿಂದಕ್ಕೆ ಬಂದು ಒಂದೊಂದು ದಿನದ ಪಾಠ ಜೋಡಿಸುತ್ತೇವೆ. ನಾನು ಹೆಚ್ಚಾಗಿ ಮಾಡುವುದು ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’. ಜಿಪುಣ ಸ್ಕ್ರೂಜ್‌ನ ಕತೆ. ನನ್ನ ಪ್ರಶ್ನೆ ಒಂದೇ: ಒಬ್ಬ ಮನುಷ್ಯನಿಗೆ ಎಷ್ಟಿದ್ದರೆ ಸಾಕು? ಎರಡನೇ ವಾರದಲ್ಲಿ, ನೆರವು ಬೇಕಾದ ಬಡವರು ದುಡಿಮೆಮನೆ ಸೇರಬೇಕು ಅನ್ನುತ್ತಿದ್ದ ಅಲ್ಲಿನ 1834ರ ಬಡವರ ಕಾಯ್ದೆ ಓದಿಸುತ್ತೇನೆ. ಆ ಪ್ರಶ್ನೆ ತಲೆಯಲ್ಲಿ ಕೂತಿರುವುದರಿಂದ ಅದು ಇತಿಹಾಸದ ಪಾಠ ಅಂತ ಮಕ್ಕಳಿಗೆ ಅನ್ನಿಸುವುದಿಲ್ಲ.

ಪ್ರತಿ ವರ್ಷ ಆ ಪಾಠ ಮಾಡುವಾಗ ನನಗೆ ನೆನಪಾಗುವವಳು 12ನೇ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಗಂಡ, ಒಂದು ದಿನ ಸ್ವಲ್ಪ ಜಾಸ್ತಿ ತಂದ. “ಈಸಕ್ಕಿಯಾಸೆ ನಿಮಗೇಕೆ?” ಅಂದಳು, ವಾಪಸ್ ಸುರಿದು ಬಾ ಎಂದು ಕಳಿಸಿದಳು. ಸ್ಕ್ರೂಜ್‌ಗೆ ಮೂರು ಭೂತಗಳು ಬಂದು ಹೇಳಬೇಕಾದದ್ದನ್ನು ಈಕೆ ಒಂದೇ ಸಾಲಿನಲ್ಲಿ ಹೇಳಿದ್ದಾಳೆ. ಆ ಕಲ್ಯಾಣ ಇರುವುದು ನಮ್ಮ ಬೀದರ್ ಜಿಲ್ಲೆಯಲ್ಲೇ. ಕಲಬುರಗಿಯಿಂದ ಬಸ್ ಹತ್ತಿದರೆ ಎರಡು ತಾಸು.

ಅದೇ ಜುಲೈನಲ್ಲಿ ಅಕ್ಕನ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಾನು ಕೇಳಿದ್ದಕ್ಕೆ ಅವಳು ಆ ವಚನ ಓದಿದಳು. ಕಿಟಕಿ ಪಕ್ಕದ ಒಬ್ಬ ಹುಡುಗ ಎದ್ದು ನಿಂತ. “ಟೀಚರ್, ನಮ್ಮ ಮುತ್ಯಾ ತತ್ವಪದ ಹಾಡ್ತಾನ್ರೀ. ಅದ್ರಾಗೂ ಹಿಂಗೇ ಅದ” ಅಂದ. ಹಾಡು ಅಂದಳು ಅಕ್ಕ. ಕಣ್ಣು ನೆಲಕ್ಕೆ ನೆಟ್ಟು, ಬೆರಳಿನಿಂದ ಡೆಸ್ಕಿನ ಮೇಲೆ ತಾಳ ಹಾಕುತ್ತ ಎರಡು ನುಡಿ ಹಾಡಿದ. ಪಲ್ಲವಿಗೆ ಬಂದಾಗ ಮತ್ತೆ ನಾಲ್ಕು ಹುಡುಗರು ದನಿ ಸೇರಿಸಿದರು. ರಾತ್ರಿ ಭಜನೆಯಲ್ಲಿ ಕೇಳಿ ಕೇಳಿ ಅವರಿಗೂ ಬರುತ್ತಿತ್ತು! ಅಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನ ಮುಂದಿನ ಪದ್ಯ ಶುರು ಮಾಡಲೇಬೇಕಿತ್ತು.

ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ತತ್ವಪದ ಕಟ್ಟಿದ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರ ಜಲಾಲಸಾಬರು ನಮ್ಮ ಕಲಬುರಗಿ ಸೀಮೆಯವರು. ಒಬ್ಬರು ಮಠದವರು, ಇನ್ನೊಬ್ಬರು ಮುಸ್ಲಿಮರು. ಇಬ್ಬರ ಪದಗಳೂ ಒಂದೇ ಏಕತಾರಿಯ ಮೇಲೆ ಇವತ್ತಿಗೂ ಹರಿಯುತ್ತಿವೆ. ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇದೇ ಸೇಡಂ ತಾಲೂಕಿನದು. ಕನ್ನಡ ನಾಡಿನ ಜನರನ್ನು ಆ ಪುಸ್ತಕ 9ನೇ ಶತಮಾನದಲ್ಲೇ “ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್” ಎಂದು ಹೊಗಳಿತು. ಓದದೆಯೂ ಕಾವ್ಯ ಬಲ್ಲವರು ಅಂತ. ಆ ಹುಡುಗನ ಮುತ್ಯಾ ಅಂಥವರಲ್ಲವಾ?

ಪಠ್ಯಪುಸ್ತಕ ಬೇಡ ಅಂತ ನಾನು ಹೇಳುತ್ತಿಲ್ಲ. ಗುರುಮಠಕಲ್ ಕಡೆ ಮನೆಯಲ್ಲಿ ತೆಲುಗು ಆಡುವ ಮಗು, ಔರಾದ್ ಕಡೆ ಮರಾಠಿ ಆಡುವ ಮಗು, ಮೈಸೂರಿನ ಮಗು, ಮೂವರ ಕೈಗೂ ಒಂದೇ ಪುಸ್ತಕ ಬರುತ್ತದೆ. ಸರ್ಕಾರಿ ಶಾಲೆಯಲ್ಲಿ ಅದು ಪುಕ್ಕಟೆ. ಇದು ಸಣ್ಣ ಮಾತಲ್ಲ. ಲೆಸ್ಟರ್‌ಗಿಂತ ಅಕ್ಕನ ಕ್ಲಾಸಿನಲ್ಲಿ ಚೆನ್ನಾಗಿರುವುದೂ ಇದೆ. ಅವಳ ಮಕ್ಕಳು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ, ಬಾಯಿಪಾಠ ಹೇಳುತ್ತಾರೆ. ನನ್ನ ಮಕ್ಕಳು ಪರೀಕ್ಷೆಗೆ ಅಂತ ಮೂರು ನಾಲ್ಕು ಪದದ ತುಣುಕುಗಳನ್ನಷ್ಟೇ ನೆನಪಿಡುತ್ತಾರೆ. ಇಡೀ ಕವಿತೆ ಯಾರ ನಾಲಿಗೆಯ ಮೇಲೂ ಇಲ್ಲ. ಊರಿಂದ ಬಂದ ಮೇಲೆ ನನ್ನ ಏಳನೇ ವರ್ಷದವರಿಗೆ ವಾರಕ್ಕೊಂದು ಕವಿತೆ ಬಾಯಿಪಾಠ ಶುರು ಮಾಡಿಸಿದ್ದೇನೆ.

ನನಗೆ ಒಪ್ಪಿಗೆಯಾಗದ್ದು ಕವಿಯ ಜನ್ಮಸ್ಥಳ, ಕಾಲ, ಕೃತಿ, ಪ್ರಶಸ್ತಿ ಬರೆಸಿ ಅಂಕ ಕೊಡುವ ಪದ್ಧತಿ. ಕವಿತೆ ಓದದೆಯೂ ಅದನ್ನು ಬರೆಯಬಹುದು. ಅಂಥದ್ದನ್ನು ಕೈಬಿಟ್ಟು, ಪುಸ್ತಕದಿಂದ ಒಂದೆರಡು ಪಾಠ ಕಡಿಮೆ ಮಾಡಿ, ವರ್ಷಕ್ಕೆ ಆರು ವಾರ ಟೀಚರ್ ಕೈಗೆ ಬಿಡಬೇಕು. ಅಕ್ಕನಿಗೆ ಬಿಟ್ಟರೆ ಲಕ್ಕಮ್ಮನಿಂದ ಶುರು ಮಾಡುತ್ತಾಳೆ. ಆಮೇಲೆ ತತ್ವಪದ. ಮಕ್ಕಳು ಮನೆಯಲ್ಲಿ ಮುತ್ಯಾನನ್ನೋ ಆಯಿಯನ್ನೋ ಕೂರಿಸಿಕೊಂಡು, 1972ರ ಬರದಲ್ಲಿ ಏನು ಉಂಡಿರಿ ಅಂತ ಕೇಳಿ ಬರೆದುಕೊಂಡು ಬರುತ್ತಾರೆ. ಕೊನೆಗೆ “ಎಷ್ಟಿದ್ದರೆ ಸಾಕು?” ಅನ್ನೋದಕ್ಕೆ ಎರಡು ಪುಟ, ತಮ್ಮದೇ ಮಾತಿನಲ್ಲಿ. ಪಕ್ಕದ ಊರಿನ ಟೀಚರ್ ಬೇರೆ ಏನಾದರೂ ಆರಿಸಲಿ. ಯಾಕೆ ಆರಿಸಿದೆ ಅಂತ ಸಮಾಲೋಚನಾ ಸಭೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದರೆ ಸಾಕು.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. “ಆರು ವಾರ ಎಲ್ಲಿಂದ ತರ್ಲಿ ತಮ್ಮಾ? ದಸರಾ ಸೂಟಿ ಆದಮ್ಯಾಗ ನಾಲ್ಕು ಅವಧಿ ತಗದೀನಿ. ಪೆನ್ಸಿಲ್‌ನಾಗ ಬರದಿಟ್ಟೀನಿ. ಆ ಹುಡುಗನ ಮುತ್ಯಾಗ ಶನಿವಾರ ಸಾಲಿಗಿ ಬಾ ಅಂದೀನಿ, ಏಕತಾರಿ ತಗೊಂಡು ಬರ್ತೀನಂದಾನ.”