ಮೊದಲು ನೀರು, ಚರಂಡಿ
ನಮ್ಮ ವಾರ್ಡಿನ ಅಭ್ಯರ್ಥಿ ಹೇಳಿರುವ ಆದ್ಯತೆಗಳಲ್ಲಿ ರಸ್ತೆ ಅಗಲೀಕರಣ, ಸ್ವಾಗತ ಕಮಾನು, ಪಾರ್ಕ್ ಮೊದಲು ಬಂದಿವೆ, ಕುಡಿಯುವ ನೀರು ಕೊನೆಗೆ. ಇದು ತಿರುವುಮುರುವಾಗಬೇಕು ಸರ್. ಚಿಕ್ಕಮಗಳೂರಿಗೆ ನೀರು ಬರೋದು ಯಗಚಿ ನದಿಯಿಂದ, ಹಿರೇಕೊಳಲೆ ಕೆರೆಯಿಂದ. ಊರು ಬೆಳೆದ ಹಾಗೆ ಕೆರೆ ಬೆಳೆಯೋದಿಲ್ಲ. ಮುಳ್ಳಯ್ಯನಗಿರಿ ನೋಡೋಕೆ ಬಂದವರಿಗೂ ಅದೇ ನೀರು ಬೇಕು.

ಇನ್ನು ಲೇಔಟ್‌ಗಳು. ಹೋದ ಮಳೆಗಾಲ ಪಕ್ಕದ ಮನೆಯ ಅಜ್ಜಿ ಹೊಸಿಲಿಗೆ ಮರಳಿನ ಚೀಲ ಅಡ್ಡ ಇಟ್ಟು, ಟಾರ್ಚ್ ಹಿಡಿದು ರಾತ್ರಿಯಿಡೀ ಕೂತಿದ್ದರು. ಮೊದಲು ಅಲ್ಲಿ ಗದ್ದೆ ಇತ್ತು, ನೀರು ಹರಿದುಹೋಗೋಕೆ ದಾರಿ ಇತ್ತು. ಮಣ್ಣು ತುಂಬಿ ಸೈಟ್ ಮಾಡಿದ ಮೇಲೆ ಆ ನೀರು ಎಲ್ಲಿಗೆ ಹೋಗಬೇಕು?

ನೀರು ಪೂರೈಕೆ, ನೈರ್ಮಲ್ಯ ಎರಡೂ ಸಂವಿಧಾನದ 12ನೇ ಅನುಸೂಚಿಯಲ್ಲೇ, ಅಂದ್ರೆ ನಗರಸಭೆಯಂಥ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲೇ ಇವೆ, ಕಮಾನು ಇಲ್ಲ. ಮತ ಕೇಳೋಕೆ ಮನೆಗೆ ಬಂದಾಗ ಇದನ್ನೇ ಕೇಳ್ತೀನಿ.