ಆ್ಯಪ್‌ನಲ್ಲಿ ಹಸಿರು, ಸ್ಥಳದಲ್ಲಿ ಕಣಜದ ಗೂಡು

ಸಂಜೆ ತರಕಾರಿಗೆ ಅಂತ ಹೋದವ್ನು ನಮ್ಮೂರ ಇವಿ (ಎಲೆಕ್ಟ್ರಿಕ್ ಗಾಡಿ) ಚಾರ್ಜಿಂಗ್ ಸ್ಟೇಷನ್ ಮುಂದೆ ಕಂಡಿದ್ದನ್ನ ಹೇಳ್ದೆ ಇದ್ರೆ ರಾತ್ರಿ ನಿದ್ದೆ ಬರಲ್ಲ ಮಾರಾಯ್ರೆ. ಕುಂದಾಪುರ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಬಂದ ಕಾರು, ಘಾಟಿ ಹತ್ತೋವಾಗ ಬ್ಯಾಟರಿ ಹೇಗೆ ಇಳಿಯುತ್ತೆ ಅಂತ ಇವಿ ಓಡ್ಸೋರಿಗೆ ಗೊತ್ತು, ವಯಸ್ಸಾದ ಅಮ್ಮ ಕಾಂಪೌಂಡ್ ಕಟ್ಟೆ ಮೇಲೆ ಕೂತಿದಾರೆ, ಮಗ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ 'ಸ್ಟೇಷನ್ ಐಡಿ ಅಳಿಸಿಹೋಗಿದೆ ಸಾರ್' ಅಂತ ಬೇಡ್ಕೊಳ್ತಿದಾನೆ. ಕಾರಿಗೆ ಚುಚ್ಚೋ ಚಾರ್ಜಿಂಗ್ ಗನ್ ಎತ್ತಿ ನೋಡಿದ್ರೆ ಅದರ ಬಾಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ! ಚಾರ್ಜರ್ ಹುಡುಕೋ ಆ್ಯಪ್‌ನಲ್ಲಿ ಮಾತ್ರ ಹಸಿರು ಬಣ್ಣದಲ್ಲಿ 'ಲಭ್ಯವಿದೆ'. ಹೌದು, ಕಣಜಕ್ಕೆ ಲಭ್ಯವಿದೆ.

ಇಲ್ಲಿ ಕರೆಂಟ್ ಇದ್ರೂ ಚಾರ್ಜ್ ಆಗಲ್ಲ ಅನ್ನೋದೇ ತಮಾಷೆ. ಆ ಮಷಿನ್ ಒಳಗೊಂದು ಸಿಮ್ ಇರುತ್ತೆ, ಅದು ಸರ್ವರ್ ಜೊತೆ ಮಾತಾಡಿ ನಿಮ್ಮ ಆ್ಯಪ್ ವ್ಯಾಲೆಟ್‌ನಲ್ಲಿ ದುಡ್ಡಿದೆ ಅಂತ ಖಾತ್ರಿ ಆದ್ಮೇಲೇ ಕರೆಂಟ್ ಬಿಡೋದು. ಮಳೆಗಾಲದಲ್ಲಿ ನಮ್ಮ ಫೋನಿಗೇ ನೆಟ್‌ವರ್ಕ್ ಇರಲ್ಲ, ಇನ್ನು ಅದಕ್ಕೆಲ್ಲಿಂದ ಬರ್ಬೇಕು? ಒಂದ್ಸಲ ಮಷಿನ್ ಟ್ರಿಪ್ ಆಗಿ ಆಫ್ ಆಯ್ತೋ, ರೀಸೆಟ್ ಮಾಡೋಕೆ ಬೆಂಗ್ಳೂರಿಂದ ಟೆಕ್ನಿಷಿಯನ್ ಬರ್ಬೇಕಂತೆ. ಉದ್ಘಾಟನೆಗೆ ಮಾತ್ರ ಎಲ್ರೂ ಟೈಮಿಗೆ ಸರಿಯಾಗಿ ಬಂದಿದ್ರು, ರಿಬ್ಬನ್ ಚೂರು ಇನ್ನೂ ಕಂಬದಲ್ಲಿದೆ.

2017ರಲ್ಲೇ ದೇಶದಲ್ಲಿ ಮೊದಲು ಇವಿ ಪಾಲಿಸಿ ತಂದ ರಾಜ್ಯ ನಮ್ದು, 2024ರ ಲೆಕ್ಕದಲ್ಲಿ 5 ಸಾವಿರಕ್ಕೂ ಹೆಚ್ಚು ಪಬ್ಲಿಕ್ ಚಾರ್ಜರ್, ದೇಶಕ್ಕೇ ಫಸ್ಟು. ಅದ್ರಲ್ಲಿ ಮುಕ್ಕಾಲು ಪಾಲು ಬೆಂಗಳೂರು ನಗರ ಜಿಲ್ಲೇಲೇ ಇದೆ ಅನ್ನೋದನ್ನ ಯಾರೂ ಭಾಷಣದಲ್ಲಿ ಹೇಳಲ್ಲ. ಬೋರ್ಡ್ ಹಾಕಿದ್ದೆಲ್ಲ ಲೆಕ್ಕಕ್ಕೆ ಸೇರ್ಸೋದಾದ್ರೆ ನಮ್ಮೂರ ಗೂಡೂ ಸೇರ್ಕೊಂಡಿರುತ್ತೆ ಬಿಡಿ. ಶರಾವತಿಗೆ ಊರು ತೋಟ ಮುಳುಗ್ಸಿ ರಾಜ್ಯಕ್ಕೆಲ್ಲ ಕರೆಂಟ್ ಕೊಟ್ಟ ಸೀಮೆ ಇದು, ನೆನಪಿರ್ಲಿ.

'ನಿಮ್ಮೂರಲ್ಲಿ ಇವಿ ಎಷ್ಟಿವೆ, ನಷ್ಟಕ್ಕೆ ಯಾರು ನಡೆಸ್ತಾರೆ' ಅಂತ ಕಾಮೆಂಟ್ ಮಾಡೋರು ಇರ್ತೀರಿ, ಗೊತ್ತು. ಒಪ್ಪಿದೆ, ಗಾಡಿ ಕಮ್ಮಿ. ಆದ್ರೆ ಚಾರ್ಜರ್ ಕೆಟ್ಟು ನಿಂತಿರೋ ಊರಲ್ಲಿ ಯಾವ ಬುದ್ಧಿವಂತ ಇವಿ ತಗೋತಾನೆ? ನಾನು ತಗೊಂಡೆ, ಅದು ಬೇರೆ ಕಥೆ. ಈಗ ನೆಂಟರ ಮನೆಗೆ ಹೋದ್ರೆ ಅವ್ರು ಬಾಯಾರಿಕೆಗೆ ಏನು ಕೊಡ್ಲಿ ಅನ್ನೋ ಮೊದ್ಲೇ ನನ್ನ ಕಣ್ಣು ವಾಷಿಂಗ್ ಮಷಿನ್ ಸಾಕೆಟ್ ಹುಡುಕುತ್ತೆ, ಹೆಂಡ್ತಿಗೆ ಮರ್ಯಾದೆ ಹೋಗುತ್ತೆ.

ದೊಡ್ಡ ಫಾಸ್ಟ್ ಚಾರ್ಜರ್ ಆಮೇಲೆ ನೋಡೋಣ. ಒಂದು 15 ಆಂಪ್ ಸಾಕೆಟ್, ಎಷ್ಟು ಯೂನಿಟ್ ಹೋಯ್ತು ಅಂತ ತೋರ್ಸೋ ಒಂದು ಸಬ್‌ಮೀಟರ್ ಸಾಕು, ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತೆ, ರಾತ್ರಿ ಉಳ್ಕೊಳ್ಳೋರಿಗೆ ಧಾರಾಳ. ಗಾಡಿ ಚಾರ್ಜ್ ಮಾಡಿಕೊಡೋಕೆ ಲೈಸೆನ್ಸ್ ಬೇಡ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟ ಮಾಡಿದೆ. ಇದನ್ನೇ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜ್ ಸಾವ್ಕಾರ್ರಿಗೆ ಹೇಳ್ದೆ. ಪೂರ್ತಿ ಕೇಳ್ಕೊಂಡು, 'ಗೀಸರ್ ಲೈನ್‌ನಿಂದ ಕೊಡೋಣ, ಆದ್ರೆ ಕಾರಿಗೂ ಒಂದು ರೂಮ್ ಬಾಡಿಗೆ ಆಗುತ್ತೆ' ಅಂದ್ರು.